ನಸುಕಿನ ಹುಡಿ

“ಇವತ್ತಾದ್ರೂ ಹುಡಿ ಒಣಗೈತಾ?”

ಬದುವಿನ ಮೇಲೆ ನಿಂತು ದೊಡ್ಡಗಂಗಮ್ಮ ಕೇಳಿದ್ದು ಯಾರನ್ನೂ ಅಲ್ಲ. ರಾಯಲ್ಪಾಡು ಊರಿನ ಮೇಲೆ ಇನ್ನೂ ಬೆಳಕು ಹರಿದಿರಲಿಲ್ಲ. ಸೀಮೆಎಣ್ಣೆಗೂ ರೇಷನ್ ಚೀಟಿ ಬಂದಿದ್ದ ವರ್ಷ ಅದು. ಮನೆಯಲ್ಲಿದ್ದ ಬಿತ್ತನೆ ಜೋಳಕ್ಕೆ ಹುಳ ಬಿದ್ದು, ಉಳಿದ ಹಿಡಿಕಾಳನ್ನು ಅಂಗಳದಷ್ಟು ಜಾಗದಲ್ಲಿ ಊರಿದ್ದಳು. ಇಲ್ಲಿ ಕಾಳು ಕಟ್ಟದಿದ್ದರೆ ಬರುವ ಸಲ ಹೊಲವೆಲ್ಲ ಬೀಳು.

ತೆನೆಗಳ ತುದಿಯಲ್ಲಿ ಹೂವು ಕಂಡ ದಿನವೇ ಜಡಿಮಳೆ ಹಿಡಿದು, ಐದು ದಿನ ಕಾಳು ಕಟ್ಟಿಸುವ ಹೂವಿನ ಹುಡಿಯನ್ನೆಲ್ಲ ತೊಳೆದು ಹಾಕಿತ್ತು. ಮೊದಲು ಮೊಳೆಯದ ಕಡೆ ತಡವಾಗಿ ಮತ್ತೆ ಊರಿದ್ದ ಹತ್ತು ಗಿಡಗಳು ಮಾತ್ರ ಮಳೆ ನಿಂತ ಮೇಲೆ ಅರಳತೊಡಗಿದ್ದವು. ಅವನ್ನು ಬಗ್ಗಿಸಿ ಮೊರದೊಳಕ್ಕೆ ಮೆಲ್ಲಗೆ ತಟ್ಟಿ, ಉದುರಿದ ಹಳದಿ ಹುಡಿಯನ್ನು ಕೋಳಿಪುಕ್ಕದಲ್ಲಿ ಮಿಕ್ಕ ತೆನೆಗಳಿಗೆ ಸವರುತ್ತಿದ್ದಳು. ಬಾಯಲ್ಲಿ ರಾಮನಾಮ.

“ಜೋಳಕ್ಕೆ ಅರಿಶಿನ ಹಚ್ತಾ ಅವ್ರೆ ನಮ್ಮತ್ತೆ. ಮದ್ವೆ ಯಾವಾಗಂತೆ ಕೇಳ್ಬೇಕು,” ಎಂದು ಸೊಸೆ ಶಾಮಲಮ್ಮ ಬಾವಿಕಟ್ಟೆಯಲ್ಲಿ ನಗಿಸಿದ್ದಳು.

ಎರಡನೆಯ ದಿನ ಅತ್ತೆ ಅವಳನ್ನೇ ಹೊಲಕ್ಕೆ ಕಳಿಸಿದಳು. ಶಾಮಲಮ್ಮ ಬಾಗಿಲು ಸಾರಿಸಿ, ರಂಗೋಲಿ ಬಿಟ್ಟು, ದೀಪ ಹಚ್ಚಿ ಹೋಗುವಷ್ಟರಲ್ಲಿ ಬಿಸಿಲು ಏರಿತ್ತು. ಎಷ್ಟು ತಟ್ಟಿದರೂ ಮೊರ ಖಾಲಿ. ಬರೀ ಪುಕ್ಕವನ್ನೇ ಒಂದು ಸಾಲಿಗೆ ಸವರಿ ಬಂದಳು.

“ಹುಡಿಯೆಲ್ಲ ಗಾಳಿಗೋಯ್ತು ಕಣೇ. ರಂಗೋಲಿ ಆಮೇಲೆ ಬಿಡ್ಬೋದಿತ್ತು.”

“ಸಾರಿಸ್ದಿರೋ ಬಾಗ್ಲಿಗೆ ಲಕ್ಷ್ಮಿ ಬರ್ತಾಳಾ ಅತ್ತೆ?”

“ಬರ್ತಾಳೆ. ನಸುಕಲ್ಲಿ ಹೊಲಕ್ಕೆ ಬಂದು, ಆಮೇಲೆ ಮನೆಗೆ ಬರ್ತಾಳೆ.”

ಒಂದು ವಾರ ಕಳೆಯಿತು. ಶಾಮಲಮ್ಮ ಒಂದು ತೆನೆಯನ್ನು ಬಗ್ಗಿಸಿ, ಉಗುರಿನಿಂದ ಹೊಟ್ಟು ಸರಿಸಿದಳು. ಒಳಗೆ ಹಸಿರು ಕಾಳು ದುಂಡಗೆ ಕೂತಿತ್ತು. ಮೊದಲ ದಿನ ಸವರಿದವು ದಪ್ಪ. ತಡವಾಗಿ ಹುಡಿ ಕಂಡವು ಸಾಸಿವೆಯಷ್ಟು. ತಾನು ಬಿಸಿಲೇರಿಸಿಕೊಂಡು ಬಂದ ದಿನ ಮುಟ್ಟಿದ ಸಾಲಿನಲ್ಲಿ ಬರೀ ಜೊಳ್ಳು. ಓದು ಬರಹ ಬಾರದ ಈ ಮುದುಕಿಗೆ ಹೂವಿನ ಗಳಿಗೆ ಹೇಳಿಕೊಟ್ಟವರು ಯಾರು?

ಮರುದಿನ ದೊಡ್ಡಗಂಗಮ್ಮನಿಗೆ ಜ್ವರ. ಆದರೂ ಕಂಬಳಿ ಹೊದ್ದು, ಕೋಲೂರಿಕೊಂಡು ಬದುವಿಗೆ ಬಂದಳು. ನಸುಕಿನ ಮಬ್ಬಿನಲ್ಲಿ ಯಾರೋ ಮೆಲ್ಲಗೆ ತೆನೆ ತಟ್ಟುವ ಸದ್ದು. ಬಾಚದ ತಲೆಯ ಶಾಮಲಮ್ಮ, ಕೈಯೆಲ್ಲ ಹಳದಿ.

“ತಟ್ಟೋಕೆ ಇನ್ನೂ ಎರಡು ಗಿಡ ಉಳ್ದವೆ. ಕೊಡೇ ಮೊರಾನ, ನಾನೇ ಮುಗಿಸ್ತೀನಿ.”

ಶಾಮಲಮ್ಮ ಮೊರವನ್ನು ಎದೆಗೆ ಒತ್ತಿಕೊಂಡಳು.

“ಕೊಡಲ್ಲ.”