ನೂರು ಕಿಲೋದ ಬೆಲ್ಟು

"ಒಳಗೇ ಸಂಸಾರ ಹೂಡಿದ್ರಾ ಹೇಗೆ?" ಎಂದು ಹೆಂಡತಿ ಎರಡನೆಯ ಸಲ ಬಾಗಿಲು ಬಡಿದಾಗ ಅವನು ತಲೆಯನ್ನು ಗೋಡೆಗೆ ಆನಿಸಿ ಕಣ್ಣು ಮುಚ್ಚಿ ಕೂತಿದ್ದ. ತಣ್ಣಗಿನ ಟೈಲ್ಸು ಹಣೆಗೆ ಹಿತವಾಗಿತ್ತು. ಆ ಬಚ್ಚಲುಮನೆಯಲ್ಲಿ ಹಿತವಾಗಿದ್ದದ್ದು ಅದೊಂದೇ.

"ಬಂದೆ, ಬಂದೆ," ಎಂದ. ಬರಬೇಕಾದದ್ದು ಮಾತ್ರ ಬರಲಿಲ್ಲ.

ನಲವತ್ತು ನಿಮಿಷದ ಮೇಲೆ ಎದ್ದಾಗ ಕಾಲು ಜೋಮು ಹಿಡಿದಿತ್ತು. ಹೊರಗೆ ಹೆಂಡತಿ ಸೀರೆಯ ಸೆರಗಿಗೆ ಪಿನ್ನು ಹಾಕಿಕೊಳ್ಳುತ್ತ ನಿಂತಿದ್ದಳು. ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ದಿನವಿಡೀ ಬಗ್ಗಿಸಿದ ಕತ್ತು ಬೆಳಿಗ್ಗೆಯೂ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಆ ಓರೆ ಕತ್ತಿನಲ್ಲೇ ಗಂಡನ ಮುಖ ನೋಡಿ, "ಇವತ್ತೂ ಇಲ್ವಾ?" ಎಂದಳು.

"ಸ್ವಲ್ಪ ಆಯ್ತು."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ ಸ್ವಲ್ಪ ಕಣೇ. ಟೇಪು ತಂದು ಅಳೀತೀಯಾ?"

ಅವಳು ನಗಲಿಲ್ಲ. "ಡಾಕ್ಟರ ಹತ್ರ ಹೋಗೋಣ ರೀ."

"ಇದಕ್ಕೆಲ್ಲ ಯಾರಾದ್ರೂ ಡಾಕ್ಟರ ಹತ್ರ ಹೋಗ್ತಾರಾ? ಹೋಗಿ ಏನಂತ ಹೇಳೋದು?" ಎಂದು ಅವನು ಬೂಟಿಗೆ ಕಾಲು ತೂರಿಸಿದ. ಲೇಸು ಕಟ್ಟಲು ಬಗ್ಗಿದಾಗ ಹೊಟ್ಟೆ ಅಡ್ಡ ಬಂತು. ನಾಲ್ಕು ವಾರದಲ್ಲಿ ಆರೂವರೆ ಕಿಲೋ ಇಳಿದಿದ್ದವನ ಹೊಟ್ಟೆ ಮೊದಲಿಗಿಂತ ದೊಡ್ಡದಾದಂತೆ ಕಾಣುತ್ತಿತ್ತು. ಹೆಂಡತಿ ತಾನೇ ಕೂತು ಲೇಸು ಕಟ್ಟಿದಳು.

ಕಟ್ಟಡದ ಕೆಲಸದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಹದ್ದಣ್ಣ ಎಂದು. ಇಪ್ಪತ್ತೆರಡು ವರ್ಷದಿಂದ ಅವನು ಟವರ್ ಕ್ರೇನಿನ ಆಪರೇಟರ್. ಬೆಳಿಗ್ಗೆ ಏಣಿ ಹತ್ತಿ ಮೇಲಿನ ಗಾಜಿನ ಗೂಡು ಸೇರಿದರೆ ಊಟದ ಹೊತ್ತಿಗೊಮ್ಮೆ ಇಳಿಯುವುದು, ಮತ್ತೆ ಹತ್ತಿದರೆ ಸಂಜೆಗೆ. ಅಲ್ಲಿಂದ ಜನ ಗುಂಡುಸೂಜಿಯ ತಲೆಯಷ್ಟೇ ಕಾಣುತ್ತಿದ್ದರು. ಅವರ ಜಗಳ, ಬೈಗುಳ, ಸೂಪರ್‌ವೈಸರನ ಸಿಡುಕು ಯಾವುದೂ ಅಷ್ಟು ಎತ್ತರಕ್ಕೆ ಏರುತ್ತಿರಲಿಲ್ಲ. ವಾಕಿಟಾಕಿಯಲ್ಲಿ ಬರುವ ನಾಲ್ಕು ಮಾತು, ಕ್ರೇನು ನಡೆಸುವ ಎರಡು ಹಿಡಿಕೆ, ಇಷ್ಟರಲ್ಲಿ ಅವನ ದಿನ ಮುಗಿಯುತ್ತಿತ್ತು.

ತೊಂದರೆ ಹುಟ್ಟಿದ್ದು ಹೊಸ ಸೇಫ್ಟಿ ಆಫೀಸರ್ ಬಂದ ಮೇಲೆ. ಏಣಿ ಹತ್ತುವವರು ಕಟ್ಟಿಕೊಳ್ಳುವ ಬೆಲ್ಟು ನೂರು ಕಿಲೋವನ್ನಷ್ಟೇ ತಡೆಯುತ್ತದೆ, ಅದಕ್ಕಿಂತ ಹೆಚ್ಚಿರುವವರು ಇನ್ನು ಮೇಲಕ್ಕೆ ಹೋಗುವಂತಿಲ್ಲ ಎಂದು ಆತ ಎಲ್ಲರನ್ನೂ ತೂಕದ ಯಂತ್ರದ ಮೇಲೆ ನಿಲ್ಲಿಸಿದ. ಹದ್ದಣ್ಣನ ಪಾಳಿ ಬಂದಾಗ ಮುಳ್ಳು ನೂರಾ ಒಂಬತ್ತಕ್ಕೆ ಹೋಗಿ ನಿಂತಿತು. ಹಿಂದೆ ನಿಂತಿದ್ದ ಯಾರೋ, "ಹದ್ದಲ್ಲಪ್ಪೋ, ಆನೆ!" ಎಂದ. ಎಲ್ಲರ ಜೊತೆ ಅವನೂ ನಕ್ಕ. ಆಫೀಸರ್ ಮಾತ್ರ ನಗದೆ, "ಆರು ವಾರ ಟೈಮ್ ಕೊಡ್ತೀನಿ, ಅಲ್ಲೀತನಕ ಹತ್ತಿ. ಆಗದಿದ್ರೆ ಕೆಳಗಡೆ ಬೇರೆ ಕೆಲಸ," ಎಂದು ಬರೆದುಕೊಂಡ.

ಕೆಳಗಡೆ ಎಂಬ ಮಾತು ಅವನಿಗೆ ಚುಚ್ಚಿತು. ಐವತ್ತೆರಡನೆಯ ವಯಸ್ಸಿಗೆ ಗೇಟಿನಲ್ಲಿ ಕೂತು ಲಾರಿಗಳ ನಂಬರು ಬರೆಯುವುದೆಂದರೆ ಜೀವ ಇದ್ದೂ ಹೋದಂತೆ.

ಜಿಮ್ಮಿಗೆ ಹೋಗುವ ಬಾಮೈದ ಒಂದು ಚಾರ್ಟು ಬರೆದುಕೊಟ್ಟ. ಅನ್ನ ಬೇಡ, ಬ್ರೆಡ್ಡು ಬೇಡ, ಹಣ್ಣಿನಲ್ಲಿ ಸಕ್ಕರೆ ಇರುತ್ತದೆ, ಅದೂ ಬೇಡ. ಮೊಟ್ಟೆ, ಕೋಳಿ, ಡಬ್ಬಿಯ ಪ್ರೋಟೀನ್ ಪುಡಿ, ಹಾಲಿಲ್ಲದ ಕಾಫಿ. "ಬಾವ, ಒಂದು ತಿಂಗಳು ಕಣ್ಮುಚ್ಕೊಂಡು ಮಾಡಿ, ಬೆಣ್ಣೆ ಕರಗಿದ ಹಾಗೆ ಕರಗ್ತೀರ," ಎಂದ. ನೀರು ಹೆಚ್ಚು ಕುಡಿಯಬೇಕು ಎಂದೂ ಚಾರ್ಟಿನ ಕೊನೆಯಲ್ಲಿ ಸಣ್ಣದಾಗಿ ಬರೆದಿದ್ದ. ಹದ್ದಣ್ಣ ಮಿಕ್ಕಿದ್ದೆಲ್ಲ ಪಾಲಿಸಿದ, ಅದೊಂದು ಬಿಟ್ಟ. ಕುಡಿದರೆ ಇಳಿಯಬೇಕು, ಇಳಿದರೆ ಅರ್ಧ ಗಂಟೆ ಕೆಲಸ ನಿಲ್ಲುತ್ತದೆ, ನಿಂತರೆ ಆಫೀಸರನ ಕಣ್ಣಿಗೆ ಬೀಳಬೇಕು. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ವಾರ ಕಳೆಯುವಷ್ಟರಲ್ಲಿ ಹೊಟ್ಟೆ ಮುಷ್ಕರ ಹೂಡಿತು.

ಮೊದಮೊದಲು ಎರಡು ದಿನಕ್ಕೊಮ್ಮೆ, ಆಮೇಲೆ ನಾಲ್ಕು ದಿನಕ್ಕೊಮ್ಮೆ. ಆಮೇಲೆ ಪೂರ್ತಿ ಬಂದ್. ಔಷಧಿ ಅಂಗಡಿಯವನು ಮಾತ್ರೆ ಕೊಟ್ಟು, "ಮೂರು ದಿನದಲ್ಲಿ ಸರಿ ಹೋಗದಿದ್ರೆ ಡಾಕ್ಟರಿಗೆ ತೋರಿಸಿ ಸಾರ್," ಎಂದಿದ್ದ. ನಾಲ್ಕನೆಯ ದಿನ ಹದ್ದಣ್ಣ ಬೇರೆ ಅಂಗಡಿಗೆ ಹೋಗಿ ಅದೇ ಮಾತ್ರೆ ಇನ್ನೊಂದು ಶೀಟು ತಂದ. ಎರಡು ದಿನದ ಹಿಂದೆ ಹೊಟ್ಟೆ ಗುಡುಗಿ, ಬರೀ ನೀರು ನೀರಾಗಿ ಒಂದಿಷ್ಟು ಹೋಗಿ, ಚಡ್ಡಿಗೂ ತಾಗಿತ್ತು. ಅದನ್ನು ತಾನೇ ಒಗೆದು, ಹೆಂಡತಿಗೆ ಕಾಣದಂತೆ ಒಣಹಾಕಿದ. ಕಟ್ಟೆ ಒಡೆಯಿತು, ಇನ್ನು ಸರಿಹೋಗುತ್ತದೆ ಎಂದುಕೊಂಡ. ತೂಕ ನೂರಾ ಎರಡೂವರೆಗೆ ಬಂದು ಕೂತಿತ್ತು. ಒಳಗಿರುವುದು ಹೊರಗೆ ಹೋದರೆ ನೂರೇ ಆಗಬಹುದೆಂಬ ಲೆಕ್ಕವೂ ಅವನ ತಲೆಯಲ್ಲಿ ಸುಳಿದಿತ್ತು.

ಹೆಂಡತಿಯಿಂದ ಲೇಸು ಕಟ್ಟಿಸಿಕೊಂಡು ಹೊರಟ ಆ ದಿನ ಏಣಿ ಹತ್ತುವಾಗಲೇ ಮೂರು ಕಡೆ ನಿಂತ. ಗೂಡಿನೊಳಗೆ ಕೂತ ಮೇಲೆ ಬಾಯಿಯಲ್ಲಿ ಕಹಿ ನೀರು ಊರಿತು. ಪ್ಲಾಸ್ಟಿಕ್ ಚೀಲಕ್ಕೆ ವಾಂತಿ ಮಾಡಿ, ಗಂಟು ಹಾಕಿ ಕಾಲ ಬಳಿ ಇಟ್ಟುಕೊಂಡ. ಹೊಟ್ಟೆಯ ಚರ್ಮ ತಮಟೆಯಂತೆ ಬಿಗಿದಿತ್ತು.

"ಹದ್ದಣ್ಣ, ಗೋಡೆ ಪ್ಯಾನೆಲ್ ರೆಡಿ. ಮೆಲ್ಲಗೆ ಎತ್ತಿ," ಎಂದು ವಾಕಿಟಾಕಿ ಮಾತಾಡಿತು. ಕೆಳಗೆ ನಿಂತು ಅವನಿಗೆ ಕಣ್ಣಾಗಿದ್ದವಳು ಸಿಗ್ನಲ್ ಕೊಡುವ ಹೆಂಗಸು. ಎಂಟು ವರ್ಷದಿಂದ ಒಬ್ಬರ ದನಿ ಇನ್ನೊಬ್ಬರಿಗೆ ಪರಿಚಯ. ಎದುರು ಕೂತು ಮಾತಾಡಿದ್ದು ಕಡಿಮೆ.

ಕಾಂಕ್ರೀಟಿನ ಗೋಡೆ ನೆಲ ಬಿಟ್ಟು ಮೇಲೆದ್ದಿತು. ಐದನೆಯ ಮಹಡಿಯ ಹತ್ತಿರ ಬರುವಾಗ ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದಂತಾಯಿತು. ಕಣ್ಣಿಗೆ ಕತ್ತಲೆ ಕಟ್ಟಿತು. ಕೈ ಅರೆಗಳಿಗೆ ಹೆಚ್ಚಾಗಿ ಹಿಡಿಕೆ ಒತ್ತಿತು, ಅಷ್ಟೇ. ನಾಲ್ಕು ಟನ್ನಿನ ಗೋಡೆ ತೂಗಲು ಶುರುವಾಯಿತು. ಮಹಡಿಯ ಅಂಚಿನಲ್ಲಿ ಅದಕ್ಕಾಗಿ ಕೈ ಚಾಚಿದ್ದ ಮೂವರು ಹಿಂದಕ್ಕೆ ಹಾರಿದರು.

"ನಿಲ್ಸಿ! ನಿಲ್ಸಿ! ಅಣ್ಣಾ!"

ನಿಲ್ಲಿಸಿದ. ಗೋಡೆ ಹೋಗಿ ಬಂದು, ಹೋಗಿ ಬಂದು, ಕೊನೆಗೆ ಸುಮ್ಮನಾಯಿತು. ಯಾರಿಗೂ ಏನೂ ಆಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನ ಕೈಯಲ್ಲಿ ಲೋಡು ಹೀಗೆ ತೂಗಿದ್ದೇ ಇಲ್ಲ.

"ಏನಾಯ್ತು ಅಣ್ಣ?"

"ಗಾಳಿ ಕಣಮ್ಮ."

"ಇಲ್ಲಿ ಧ್ವಜದ ಬಟ್ಟೇನೂ ಅಲ್ಲಾಡ್ತಿಲ್ಲ. ಮೊದಲು ಲೋಡ್ ಕೆಳಗಿಡಿ. ಇಟ್ಟಾದ್ಮೇಲೆ ಎರಡನೇ ಚಾನೆಲ್‌ಗೆ ಬನ್ನಿ."

ಲೋಡು ಇಳಿಸಿ ಚಾನೆಲ್ ಬದಲಿಸಿದ. ಅಲ್ಲಿ ಅವರಿಬ್ಬರೇ. ಆದರೂ ಹೆಂಡತಿಯ ಬಳಿಯೇ ಬಾಯಿಬಿಟ್ಟು ಹೇಳದ ಮಾತನ್ನು ಕಂಡವರ ಮನೆ ಹೆಣ್ಣುಮಗಳಿಗೆ ಹೇಗೆ ಹೇಳುವುದು?

"ಹೊಟ್ಟೆ ಸರಿ ಇಲ್ಲ," ಎಂದ ಕೊನೆಗೆ. "ಕಟ್ಕೊಂಡಿದೆ. ತುಂಬ ದಿನ ಆಯ್ತು."

"ವಾಂತಿ?"

"ಈಗ ಒಂದ್ಸಲ."

"ಹೊಟ್ಟೆ ಊದಿದ್ಯಾ?"

"ಹ್ಞೂಂ."

"ಗ್ಯಾಸ್ ಹೋಗ್ತಿದ್ಯಾ ಅಣ್ಣ?"

ಅವನ ಕಿವಿ ಬಿಸಿಯಾಯಿತು. ಯೋಚಿಸಿದರೆ ನಿನ್ನೆಯಿಂದ ಅದೂ ಇರಲಿಲ್ಲ. "ಇಲ್ಲ ಕಣಮ್ಮ," ಎಂದ.

"ಇಳೀರಿ. ಈಗ್ಲೇ."

"ಮಧ್ಯಾಹ್ನ ಊಟಕ್ಕೆ ಹೇಗೂ..."

"ಅಣ್ಣ, ನೀವು ಇಳೀದಿದ್ರೆ ನಾನು ಒಂದನೇ ಚಾನೆಲ್‌ನಲ್ಲಿ ಎಲ್ಲರಿಗೂ ಕೇಳೋ ಹಾಗೆ ಹೇಳ್ತೀನಿ."

ಅವನು ಬೆಲ್ಟು ಕಟ್ಟಿಕೊಂಡ. ಹೊಟ್ಟೆಯ ಮೇಲೆ ಪಟ್ಟಿ ಬಿಗಿಯಲಾಗದೆ ತೊಡೆ, ಭುಜಗಳ ಪಟ್ಟಿಯನ್ನಷ್ಟೇ ಬಿಗಿದುಕೊಂಡ. ಏಣಿಯ ಮೆಟ್ಟಿಲು ಕಾಲಿಗೆ ಸಿಗುತ್ತಲೇ ಇರಲಿಲ್ಲ. ಏಣಿಯ ನಡುನಡುವೆ ನಿಲ್ಲಲು ಇದ್ದ ಕಟ್ಟೆಗಳಲ್ಲಿ ಎರಡನೆಯದಕ್ಕೆ ಬರುವಾಗ ಕೆಳಗಿನಿಂದ ಯಾರೋ ಹತ್ತುತ್ತಿರುವ ಸದ್ದು. ನೋಡಿದರೆ ಅವಳೇ. ಹಳದಿ ಟೋಪಿಯ ಕೆಳಗೆ ಮುಖ ಕೆಂಪಾಗಿತ್ತು.

"ನೀನ್ಯಾಕೆ ಬಂದೆ ತಾಯಿ?"

"ನಿಮ್ಮ ಕಾಲು ನಾನು ನೋಡ್ಕೋತೀನಿ. ನೀವು ಕೈ ನೋಡ್ಕೊಳ್ಳಿ. ಎಡಗಾಲು ಕೆಳಗೆ... ಇನ್ನೊಂಚೂರು... ಸಿಕ್ತಲ್ಲ."

ಹಾಗೇ ಒಂದೊಂದೇ ಮೆಟ್ಟಿಲು. ನಡುವಿನ ಕಟ್ಟೆಯಲ್ಲಿ ಅವನು ಕಂಬಿ ತಬ್ಬಿಕೊಂಡು ನಿಂತುಬಿಟ್ಟ. ಅವಳೂ ನಿಂತಳು.

"ನಮ್ಮಪ್ಪನಿಗೂ ಹೀಗೇ ಆಗಿತ್ತು," ಎಂದಳು. "ನಾಚಿಕೆ ಅಂತ ನಾಲ್ಕು ದಿನ ಬಾಯೇ ಬಿಡ್ಲಿಲ್ಲ."

"ಆಮೇಲೆ?"

"ಇಳೀರಿ ಅಣ್ಣ."

ಆಸ್ಪತ್ರೆಯಲ್ಲಿ ಡ್ಯೂಟಿಗಿದ್ದ ಡಾಕ್ಟರಮ್ಮನಿಗೆ ಅವನ ಮಗಳ ವಯಸ್ಸಾಗಬಹುದಿತ್ತು, ಮಗಳಿದ್ದಿದ್ದರೆ. ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ, ಬೆರಳಿನಿಂದ ತಟ್ಟಿ, "ಎಷ್ಟು ದಿನ ಆಯ್ತು ಹೋಗಿ?" ಎಂದು ಕೇಳಿದಳು.

"ಒಂದು ಐದು ದಿನ," ಎಂದ ಹದ್ದಣ್ಣ.

"ಹನ್ನೊಂದು," ಎಂದಿತು ಬಾಗಿಲ ಕಡೆಯ ದನಿ. ಕಾರ್ಖಾನೆಯಿಂದ ನೇರ ಬಂದಿದ್ದ ಹೆಂಡತಿಯ ಸೆರಗಿಗೆ ಇನ್ನೂ ನೀಲಿ ದಾರದ ಎಳೆಗಳು ಅಂಟಿದ್ದವು. "ಇವತ್ತಿಗೆ ಹನ್ನೊಂದು ದಿನ ಡಾಕ್ಟ್ರೇ. ಇವರು ಬಾಯಿಬಿಟ್ಟು ಹೇಳಲ್ಲ. ನಾನೇ ಎಣಿಸ್ತಿದ್ದೆ."

ಅವನು ಗೋಡೆಯ ಕಡೆ ತಿರುಗಿಕೊಂಡ.

ಎಕ್ಸ್‌ರೇ ತೆಗೆದರು. ಮೂಗಿನಲ್ಲಿ ನಳಿಕೆ ಇಳಿಸಿದರು, ಕೈಗೆ ಡ್ರಿಪ್ಪು ಹಾಕಿದರು. ಕರುಳಿನ ಕೆಳತುದಿಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೂತಿದ್ದ ಮಲ ಮೇಲಿನದಕ್ಕೆ ದಾರಿ ಬಿಟ್ಟಿರಲಿಲ್ಲ. ಅದರ ಬದಿಯಿಂದ ನುಸುಳಿ ಬಂದ ನೀರನ್ನೇ ಅವನು ವಾಸಿಯಾಗುತ್ತಿದೆ ಎಂದು ತಿಳಿದಿದ್ದ. ಇದನ್ನೆಲ್ಲ ಡಾಕ್ಟರಮ್ಮ ಬಿಡಿಸಿ ಹೇಳಿದಳು. ಆಪರೇಷನ್ ಬೇಕಾಗಲಿಲ್ಲ. ಬೇಕಾದದ್ದು ಕೈಗವಸು ಹಾಕಿದ ಒಬ್ಬ ವಯಸ್ಸಾದ ಗಂಡು ನರ್ಸು, ಒಂದು ಗಂಟೆಯ ಸಮಯ, ಎನಿಮಾ. ಅದರ ಬಗ್ಗೆ ಹದ್ದಣ್ಣ ಮುಂದೆ ಯಾರ ಹತ್ತಿರವೂ ಮಾತೆತ್ತಲಿಲ್ಲ. ನರ್ಸು ಮಾತ್ರ ಕೆಲಸ ಮಾಡುತ್ತಲೇ, "ನಾಚ್ಕೋಬೇಡಿ ಸ್ವಾಮಿ. ಮಂತ್ರಿಯಿಂದ ಮೇಷ್ಟ್ರವರೆಗೆ ಎಲ್ಲರನ್ನೂ ನೋಡಿದೀನಿ. ಈ ಕಡೆಯಿಂದ ನೋಡಿದ್ರೆ ಎಲ್ಲರೂ ಒಂದೇ," ಎಂದಿದ್ದ. ಹದ್ದಣ್ಣನಿಗೆ ನಗು ಬಂತು. ನಕ್ಕರೆ ನೋವಾಯಿತು.

ಮೂರನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತಳು.

"ತೂಕ ಇಳಿಸೋದು ತಪ್ಪಲ್ಲ. ಇಳಿಸಲೇಬೇಕು. ಆದರೆ ಹಣ್ಣು, ಕಾಳು, ತರಕಾರಿ, ಹೊಟ್ಟು ತೆಗೀದ ಧಾನ್ಯ ಎಲ್ಲ ಬಿಟ್ಟು, ನೀರೂ ಬಿಟ್ಟರೆ ಕರುಳು ತಳ್ಳೋದು ಏನನ್ನ? ಇನ್ಮೇಲೆ ಒಂದೊಂದಾಗಿ ಸೇರಿಸ್ತಾ ಬನ್ನಿ. ನೀರಿನ ಜೊತೆ. ದಿನಾ ನಡೀರಿ. ಬೆಳಿಗ್ಗೆ ತಿಂಡಿ ಆದ್ಮೇಲೆ ಹೋಗಿ ಕೂತ್ಕೊಳ್ಳಿ, ಕಾಲ ಕೆಳಗೆ ಒಂದು ಮಣೆ ಇಟ್ಕೊಂಡು. ಹತ್ತು ನಿಮಿಷ. ಬರದಿದ್ರೆ ಎದ್ದುಬಿಡಿ, ತಿಣುಕಬೇಡಿ."

"ಆಮೇಲೂ ಕಟ್ಕೊಂಡ್ರೆ?" ಎಂದಳು ಹೆಂಡತಿ.

"ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ರೆ ಬನ್ನಿ. ರಕ್ತ ಕಂಡ್ರೆ ಬನ್ನಿ. ಹೊಟ್ಟೆ ಊದಿ, ವಾಂತಿ ಬಂದು, ಗ್ಯಾಸೂ ಹೋಗದಿದ್ರೆ ಒಂದು ಗಂಟೇನೂ ಕಾಯ್ಬೇಡಿ. ಮಾತ್ರೆ ನುಂಗ್ತಾ ಕೂತ್ರೆ ಕರುಳೇ ಹರಿದು ಹೋಗಬಹುದು." ಅವನ ವಯಸ್ಸಿಗೆ ಒಮ್ಮೆ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವುದು ಒಳ್ಳೆಯದೆಂದು ತಾರೀಕನ್ನೂ ಬರೆದುಕೊಟ್ಟಳು. ಹೆಂಡತಿ ಆ ಚೀಟಿಯನ್ನು ಮಡಚಿ ತನ್ನ ಪರ್ಸಿನಲ್ಲಿಟ್ಟುಕೊಂಡಳು. ಗಂಡನ ಕೈಗೆ ಕೊಡಲಿಲ್ಲ.

ಮನೆಗೆ ಬಂದ ಮೇಲೆ ಅವಳು ಕಾಳು ನೆನೆಹಾಕಿದಳು, ಸೇಬು ಹೆಚ್ಚಿಟ್ಟಳು. ಮಧ್ಯೆ ಒಮ್ಮೆ ಚಾಕು ಕೆಳಗಿಟ್ಟು, "ಸತ್ತುಹೋಗಿದ್ರೆ ಜನ ಕೇಳ್ತಿದ್ರು, ಹೇಗೆ ಹೋದ್ರು ಅಂತ. ನಾನು ಏನು ಹೇಳ್ಬೇಕಿತ್ತು?" ಎಂದಳು. ಅವನು ಅವಳ ಓರೆ ಕತ್ತಿನ ಮೇಲೆ ಕೈ ಇಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ. ಅವಳು ಬೇಡವೆನ್ನಲಿಲ್ಲ.

ಆರು ವಾರ ಮುಗಿದ ದಿನ ಮುಳ್ಳು ನೂರಾ ಮೂರಕ್ಕೆ ನಿಂತಿತು. ಆಫೀಸರ್ ಕೆಟ್ಟವನೇನಲ್ಲ. ಲೋಡು ತೂಗಿದ ವಿಷಯ ಅವನಿಗೆ ಗೊತ್ತಾಗಿತ್ತು, ಕಾರಣವನ್ನು ಹದ್ದಣ್ಣನೇ ಹೋಗಿ ಹೇಳಿದ್ದ. ಎಲ್ಲ ಕೇಳಿ ಆಫೀಸರ್, "ಮೂರು ತಿಂಗಳು ಕೆಳಗಿರಿ. ನಿಧಾನಕ್ಕೆ ಇಳಿಸಿ. ಆಮೇಲೆ ಡಾಕ್ಟರ ಕಾಗದ ತನ್ನಿ, ನೋಡೋಣ," ಎಂದ. ಕ್ರೇನಿನ ಮೇಲೆ ಕೂರುವವರಿಗೆ ಮಧ್ಯೆ ಎರಡು ಸಲ ಇಳಿಯಲು ಬಿಡುವು ಕೊಡಬೇಕೆಂದು ಒಂದು ನೋಟೀಸನ್ನೂ ಅಂಟಿಸಿದ.

ಗೇಟಿಗೆ ಹಾಕಲಿಲ್ಲ. ಸಿಗ್ನಲ್ಲಿನವಳ ಜೊತೆ, ಲೋಡು ಇಳಿಸಿಕೊಳ್ಳುವ ಗುಂಪಿಗೆ ಸೇರಿಸಿದರು. ಮೊದಲ ದಿನ ಅವನಿಗೆ ಎಲ್ಲ ತಲೆಕೆಳಗು. ಧೂಳು, ಗಲಾಟೆ, ಕಿವಿಯ ಪಕ್ಕದಲ್ಲೇ ಬೈಗುಳ. ಮೇಲಿನಿಂದ ಗುಂಡುಸೂಜಿಯ ತಲೆಗಳಾಗಿದ್ದವರಿಗೆ ಮೂಗು, ಬಾಯಿ, ಕೆಮ್ಮು ಎಲ್ಲ ಇದ್ದವು. ಹತ್ತು ಗಂಟೆಗೆ ಅವಳು ನೀರಿನ ಬಾಟಲಿ ಅವನ ಮುಂದೆ ಹಿಡಿದಳು. ಕುಡಿದ. ತುಸು ಹೊತ್ತಿಗೆ ಎದ್ದು ತಗಡಿನ ಶೌಚಾಲಯದ ಕಡೆ ನಡೆದ. ಯಾರೂ ತಿರುಗಿ ನೋಡಲಿಲ್ಲ.

ಅವನು ಮರಳಿ ಬರುವಾಗ ಹೊಸ ಆಪರೇಟರ್ ಒಂದು ಗೋಡೆಯನ್ನು ಇಳಿಸುತ್ತಿದ್ದ. "ಪಕ್ಕಕ್ಕೆ ಬನ್ನಿ ಅಣ್ಣ," ಎಂದಳು ಅವಳು. ಬಂದ. ಗೋಡೆ ಒಂದೊಂದೇ ಗೇಣು ಕೆಳಗೆ ಬಂದು, ಎದೆಯ ಮಟ್ಟಕ್ಕೆ ನಿಂತಿತು. ಅಕ್ಕಪಕ್ಕದವರು ಮಾಡಿದಂತೆ ಅವನೂ ಅಂಗೈ ಚಾಚಿ ಅದಕ್ಕೆ ಆನಿಸಿದ. ಇಪ್ಪತ್ತೆರಡು ವರ್ಷದಲ್ಲಿ ತಾನು ಎತ್ತಿದ ಒಂದನ್ನೂ ಅವನು ಮುಟ್ಟಿರಲಿಲ್ಲ. ಕಾಂಕ್ರೀಟು ಬಿಸಿಲಿಗೆ ಕಾದು ಬೆಚ್ಚಗಿತ್ತು, ಅಲ್ಲಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಗೋಡೆ ತನ್ನ ಜಾಗದಲ್ಲಿ ಕೂತಿತು. ಉಳಿದವರು ಕೈ ತೆಗೆದು ಕೊಂಡಿ ಬಿಚ್ಚಲು ಹೋದರು. ಅವನು ಇನ್ನೂ ಸ್ವಲ್ಪ ಹೊತ್ತು ಕೈ ಹಾಗೇ ಇಟ್ಟುಕೊಂಡಿದ್ದ.