ಒತ್ತಿದ್ದು ಒಂಬತ್ತು ಸಲ

ಆ ಬೆಳಿಗ್ಗೆ ಗಂಟೆ ಒಮ್ಮೆಯೂ ಬಾರಿಸಲಿಲ್ಲವೆಂದು ನಾನು ಖುಷಿಯಾಗಿದ್ದೆ. 

ಉಮಾಮಹೇಶ್ವರಿ ನಮ್ಮ ಯಜಮಾನರ ತಂಗಿ. ಕುಣಿಗಲ್ಲಿನ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮಾತು ನಿಂತಿತು, ಬಲಗೈ ಬಲಗಾಲು ಬಿದ್ದುಹೋದವು. ಅಂದಿನಿಂದ ತುಮಕೂರಿನ ಬಟವಾಡಿಯಲ್ಲಿ ನನ್ನ ಜೊತೆಗಿದ್ದಾಳೆ. ಎಡಗೈಯಲ್ಲಿ ಕಂಪ್ಯೂಟರ್ ಮೇಲೆ ಟೈಪ್ ಮಾಡಿ ಮಾತಾಡುತ್ತಾಳೆ, ಮೊದಲಿಗಿಂತ ಹರಿತವಾಗಿಯೇ. ಅವಳ ಹಳೆಯ ವಿದ್ಯಾರ್ಥಿನಿ ಮಾಲಿನಿ ಈಗ ಗುಬ್ಬಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಒಂದು ಭಾನುವಾರ ಬಂದು, ಕೀಬೋರ್ಡಿನ ಮೂಲೆಯ ಪ್ರಿಂಟ್‌ಸ್ಕ್ರೀನ್ ಕೀ ಒತ್ತಿದರೆ ಅಡುಗೆಮನೆಯ ಸ್ಪೀಕರಿನಲ್ಲಿ ಗಂಟೆ ಬಾರಿಸುವಂತೆ ಮಾಡಿಕೊಟ್ಟಳು. ಗಂಟೆಯ ಸದ್ದು ಕುಣಿಗಲ್ಲಿನ ಆ ಶಾಲೆಯದೇ. ಯಾರಿಗೂ ಹೇಳದೆ ಅಲ್ಲಿಗೆ ಹೋಗಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದಿದ್ದಳು. ಗುರುತಿಗೆಂದು ಆ ಕೀ ಮೇಲೆ ನನ್ನ ಹಣೆಯ ಸ್ಟಿಕರ್ ಒಂದನ್ನು ಅಂಟಿಸಿದೆವು.

ಹಿಂದಿನ ದಿನ ಪರದೆಯ ಮೇಲೆ ‘ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಲೇ’ ಎಂಬ ಪ್ರಶ್ನೆ ಇತ್ತು. ವಾರದಿಂದ ಕೇಳುತ್ತಿತ್ತು. ಇಷ್ಟು ಸಲ ಕೇಳುವವರಿಗೆ ಬೇಡವೆನ್ನಲು ಮನಸ್ಸಾಗದೆ ಒಪ್ಪಿಗೆ ಕೊಟ್ಟೆ. ಕಂಪ್ಯೂಟರ್ ಆರಿ ಹೊತ್ತಿಕೊಂಡಾಗ ಬಣ್ಣ, ಚಿತ್ರ ಎಲ್ಲ ಬೇರೆಯಾಗಿತ್ತು. ಉಮಾ ಟೈಪ್ ಮಾಡಿದಳು: “ಅದಕ್ಕೆ ಹೊಸ ಸೀರೆ ಉಡ್ಸಿದೀರಿ ಅತ್ತಿಗೆ. ನಂಗ್ಯಾವಾಗ?” ಇಬ್ಬರೂ ನಕ್ಕೆವು. ಸಂಜೆಯೆಲ್ಲ ನಾನು ಅವಳ ಪಕ್ಕದಲ್ಲೇ ಇದ್ದುದರಿಂದ ಗಂಟೆಯ ನೆನಪೇ ಬರಲಿಲ್ಲ.

ಮರುದಿನ ಸ್ಟವ್ ಮೇಲೆ ನೀರಿಟ್ಟು, ನೆನೆದ ಅವರೆಕಾಳು ಹಿತಕುತ್ತಾ ಕೂತೆ. ಉಮಾ ಇವತ್ತು ಆರಾಮಾಗಿದ್ದಾಳೆ, ಒಮ್ಮೆಯೂ ಕರೆದಿಲ್ಲ ಎಂದುಕೊಂಡೆ. ಬಟ್ಟಲು ತುಂಬಿದ ಮೇಲೆ ತೋರಿಸೋಣವೆಂದು ಎದ್ದು ಹೋದೆ.

ಅವಳು ಕುರ್ಚಿಯಿಂದ ಅರ್ಧ ಜಾರಿದ್ದಳು. ಸೊಂಟಕ್ಕೆ ಕಟ್ಟಿದ್ದ ಪಟ್ಟಿ ಮೇಲೆ ಸರಿದು ಎದೆಯನ್ನು ಬಿಗಿದಿತ್ತು. ತುಟಿ ನೀಲಿಗಟ್ಟಿತ್ತು. ಮೊಣಕೈ ಕೀಬೋರ್ಡಿನ ಮೇಲೆ ಊರಿ, ಪರದೆಯ ತುಂಬ ಒಂದೇ ಅಕ್ಷರ ಸಾಲುಸಾಲಾಗಿ ಓಡುತ್ತಿತ್ತು. ಎತ್ತಲು ನೋಡಿದೆ, ನನ್ನಿಂದಾಗಲಿಲ್ಲ. ಬಟ್ಟಲು ಎಲ್ಲಿ ಬಿತ್ತೋ ಗೊತ್ತಿಲ್ಲ. ಬಾಗಿಲಿಗೆ ಓಡಿ ಪಕ್ಕದ ಮನೆಯ ಚನ್ನವೀರಯ್ಯನವರನ್ನು ಕೂಗಿದೆ.

ಅರ್ಧ ಮುಖಕ್ಕೆ ಸೋಪಿನ ನೊರೆ ಇದ್ದಂತೆಯೇ ಬಂದರು. “ಪಟ್ಟಿ ಬಿಚ್ಚಿ ತಾಯಿ, ನಾನ್ ಹಿಡ್ಕೊಂಡಿದೀನಿ.” ಎತ್ತಿ ಮಂಚದ ಮೇಲೆ ಮಲಗಿಸಿದರು. ನಾನು ಅವಳ ಅಂಗಾಲು ಉಜ್ಜುತ್ತಿದ್ದಾಗ, ಅವರು ಅಡುಗೆಮನೆಗೆ ಹೋಗಿ ಸ್ಟವ್ ಆರಿಸಿ ಬಂದರು. ಆಮೇಲೆ ಡಾಕ್ಟರನ್ನೂ ಕರೆತಂದರು. ಇನ್ನು ಹತ್ತು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಎಲ್ಲರೂ ಹೋದ ಮೇಲೆ ಕೇಳಿದೆ. “ಯಾಕೆ ಏಳಕ್ಕೆ ಹೋದೆ? ಗಂಟೆ ಒತ್ತಬಾರ್ದಿತ್ತೇನೆ?”

ಟೈಪ್ ಮಾಡಲು ಅವಳಿಗೆ ಇನ್ನೂ ಶಕ್ತಿಯಿರಲಿಲ್ಲ. ಕೀಬೋರ್ಡನ್ನು ಹತ್ತಿರ ತಂದೆ. ಸ್ಟಿಕರಿನ ಮೇಲೆ ಬೆರಳಿಟ್ಟು ಒತ್ತಿದಳು. ಪರದೆ ಫಕ್ಕನೆ ಬೆಳಗಿತು. ಅಡುಗೆಮನೆಯಿಂದ ಸದ್ದೇ ಇಲ್ಲ. 

ಮಾಲಿನಿಗೆ ಫೋನ್ ಮಾಡಿದೆ. ಕ್ಲಾಸ್ ಬಿಟ್ಟು ಹೊರಗೆ ಬಂದಳು.

“ಆಂಟಿ, ಅಳ್ಬೇಡಿ. ಸೆಟ್ಟಿಂಗ್ಸಲ್ಲಿ ಕೀಬೋರ್ಡ್ ತೆಗೀರಿ. ನಾವ್ ಹಾಕಿದ್ದ ಶಾರ್ಟ್‌ಕಟ್ ಇದೆಯಾ?”

“ಇದೆ. ‘ಗಂಟೆ’ ಅಂತ. ಪಕ್ಕದಲ್ಲಿ ಪ್ರಿಂಟ್‌ಸ್ಕ್ರೀನ್ ಅಂತಾನೂ ಇದೆ.”

“ಸ್ಪೀಕರ್?”

ಗಂಟೆಯ ಫೈಲನ್ನೇ ನೇರವಾಗಿ ಒತ್ತಿದೆ. ಬಾರಿಸಿತು. ಎಲ್ಲವೂ ಸರಿಯಾಗಿದ್ದೂ ಗಂಟೆ ಬಾರಿಸದಿರುವುದು ನನ್ನನ್ನು ಇನ್ನಷ್ಟು ಹೆದರಿಸಿತು.

“ಅದೇ ಪಟ್ಟೀಲಿ ಸ್ಕ್ರೀನ್‌ಶಾಟ್ ಅಂತ ಹುಡುಕಿ. ಅದಕ್ಕೆ ಯಾವ ಕೀ?”

“ಅದಕ್ಕೂ ಇದೇ ಕಣಮ್ಮ.”

“ಅಲ್ಲೇ ಇರೋದು. ಹೊಸ ಆವೃತ್ತಿ ಆ ಕೀನ ವಾಪಸ್ ಕಿತ್ಕೊಂಡಿದೆ. ಅದನ್ನ ಅಳಿಸಿ, ನಮ್ದನ್ನ ಮತ್ತೆ ಹಾಕಿ.” ಹಾಗೆನ್ನುತ್ತಲೇ ಅವಳಿಗೆ ಇನ್ನೊಂದು ಹೊಳೆಯಿತು. “ಆಂಟಿ, ಹಂಗಾದ್ರೆ ಟೀಚರ್ ಒತ್ತಿದಾಗೆಲ್ಲ ಪರದೆ ಫೋಟೋ ತೆಗೆದಿರತ್ತೆ. ಪಿಕ್ಚರ್ಸ್ ಫೋಲ್ಡರ್ ನೋಡಿ.”

ಈಗಿನದನ್ನು ಬಿಟ್ಟು ಒಂಬತ್ತು ಚಿತ್ರಗಳಿದ್ದವು. ಮೊದಲನೆಯದು ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ. ಪುಟದಲ್ಲಿ ‘ಅತ್ತಿಗೆ ನೀರು’ ಎಂದಷ್ಟೇ ಇತ್ತು. ನಾಲ್ಕನೆಯ ಚಿತ್ರದವರೆಗೂ ಅದೇ. ಐದನೆಯದರಲ್ಲಿ ‘ಎಲ್ಲಿದೀರಿ’. ಏಳನೆಯದರಲ್ಲಿ ‘ಬಿದ್ರಾ’. ಹನ್ನೊಂದು ಮೂವತ್ತೊಂದಕ್ಕೆ ಕೊನೆಯದು:

‘ಬಿದ್ದಿದ್ರೆ ಅಲ್ಲಾಡ್ಬೇಡಿ. ನಾನೇ ಬರ್ತೀನಿ.’

ನಿಲ್ಲಲಾರದವಳು ನನ್ನನ್ನು ಎತ್ತಲು ಹೊರಟಿದ್ದಳು. ನಾನು ಕಾಳು ಹಿತಕುತ್ತಾ ಕೂತಿದ್ದೆ.

ಮಾಲಿನಿ ಹೇಳಿದಂತೆ ಮಾಡಿ ಅಡುಗೆಮನೆಗೆ ಹೋಗಿ ನಿಂತೆ. ಗಂಟೆ ಜೋರಾಗಿ ಬಾರಿಸಿತು. ಓಡಿ ಹೋಗುವ ಮೊದಲು, ನಾನು ಬದುಕಿದ್ದೇನೆಂದು ತಿಳಿಯಲೆಂದು, ಸೌಟಿನಿಂದ ಹಿತ್ತಾಳೆ ಚೊಂಬಿಗೆ ಹೊಡೆದೆ. ಹೋಗಿ ನೋಡಿದರೆ ಒಂದೊಂದೇ ಅಕ್ಷರ ಮೂಡುತ್ತಿತ್ತು: “ಮೆಲ್ಲಗೆ. ಚೊಂಬು ನಮ್ಮಮ್ಮಂದು.”

ಈಗ ಅದೇ ನಮ್ಮ ನಿಯಮ. ಗಂಟೆಗೆ ಚೊಂಬು ಉತ್ತರಿಸಬೇಕು, ಚೊಂಬಿಗೆ ಗಂಟೆ. ಮನೆ ಸ್ವಲ್ಪ ಹೊತ್ತು ಸುಮ್ಮನಾದರೂ ನನಗೆ ತಡೆಯಲಾಗುವುದಿಲ್ಲ, ಸೌಟು ಎತ್ತಿಕೊಳ್ಳುತ್ತೇನೆ. ಹೊಡೆದ ಮೇಲೆ, ಕುಣಿಗಲ್ಲಿನ ಆ ಗಂಟೆ ಬಾರಿಸುವವರೆಗೆ, ಕಾಳು ಹಿಡಿದ ಬೆರಳು ಹಾಗೇ ನಿಂತಿರುತ್ತದೆ.