ಗುರಲಿಂಗಪ್ಪನವರ ಹಳದಿ

ಮುಂಬಯಿಯ ಬೊರಿವಲಿಯ ಚಿತ್ರಕಾರ ಗುರಲಿಂಗಪ್ಪನವರಿಗೆ ಹೆಸರು ಬಂದದ್ದು ಎಪ್ಪತ್ತು ದಾಟಿದ ಮೇಲೆ. ತಂದುಕೊಟ್ಟದ್ದು ಹಳದಿ ಬಣ್ಣ. ಅವರ ಚಿತ್ರಗಳಲ್ಲಿ ಆಕಾಶ, ಲೋಕಲ್ ಟ್ರೇನು, ಜನರ ಮುಖ ಎಲ್ಲವೂ ಮೆಲ್ಲಗೆ ಹಳದಿಗೆ ತಿರುಗತೊಡಗಿದಾಗ ಫೋರ್ಟಿನ ಗ್ಯಾಲರಿಯವರು ಅದನ್ನು ಅವರ ಹುಟ್ಟೂರು ವಿಜಯಪುರದ ಬಿಸಿಲು ಎಂದರು. ಪತ್ರಿಕೆಯವರು ವೈರಾಗ್ಯ ಎಂದರು. ಕಣ್ಣಿನ ಡಾಕ್ಟರು ಮಾತ್ರ ಪೊರೆ ಎಂದರು. ಹೆಸರು ಬಂದವರು ಈ ಮೂರರಲ್ಲಿ ಯಾವುದನ್ನು ಕಿವಿಗೆ ಹಾಕಿಕೊಳ್ಳಲಿಲ್ಲವೆಂದು ಬಿಡಿಸಿ ಹೇಳಬೇಕಿಲ್ಲ.

"ಕಣ್ಣಿನ ಮೋತಿಬಿಂದು ತಗಸ್ರಿ ಅಂದ್ರ ಕೇಳೂದಿಲ್ಲ. ನನ್ನ ನೀಲಿ ಸೀರಿ ನೋಡ್ರಿ, ಸಗಣಿ ಬಣ್ಣ ಮಾಡಿಟ್ಟೀರಿ," ಎಂದು ಹೆಂಡತಿ ಮಹಾದೇವಿ ರೇಗುತ್ತಿದ್ದರು.

"ತಗಸಿದ್ರ ಈ ಬಣ್ಣಾನೂ ಹೋಗ್ತದ. ಎಕ್ಸಿಬಿಶನ್ ಮುಗೀಲಿ, ನೋಡೂಣು."

ಒಂದು ಎಕ್ಸಿಬಿಶನ್ ಮುಗಿದರೆ ಇನ್ನೊಂದು ಬರುತ್ತಿತ್ತು. ಪೊರೆ ಹಾಗೇ ಬಲಿಯಿತು.

ದೀಪಾವಳಿಗೆ ಮುಂಚೆ ಅವರು ಮಹಾದೇವಿಯನ್ನೇ ಎದುರಿಗೆ ಕೂರಿಸಿ ಒಂದು ದೊಡ್ಡ ಚಿತ್ರ ಬರೆದರು. ಆಕೆ ಸುಸ್ತು ಎಂದು ನಡುನಡುವೆ ಏಳುತ್ತಿದ್ದರು, ಊಟ ಸೇರುತ್ತಿಲ್ಲ ಎನ್ನುತ್ತಿದ್ದರು. "ಅಲುಗಾಡಬ್ಯಾಡ" ಎಂದು ಇವರು ಗದರುತ್ತಿದ್ದರು. ದಿನಾ ಕೆನ್ನೆಗೆ ಅರಿಷಿಣ ಹಚ್ಚುವ ಹೆಂಗಸು. ಬಿಲ್ಡಿಂಗಿನವರಿಗೂ ಅನುಮಾನ ಬರಲಿಲ್ಲ. ಹಬ್ಬಕ್ಕೆ ಪವಾಯಿಯಿಂದ ಬಂದ ಮಗಳು ಸ್ನೇಹಲ್ ಬಾಗಿಲಲ್ಲೇ ನಿಂತುಬಿಟ್ಟಳು.

"ಅವ್ವಾ, ಕಣ್ಣಾಗೂ ಅರಿಷಿಣ ಹಚ್ಕೊಂಡೀ ಏನ?"

ಕಾಮಾಲೆ ಏರಿತ್ತು. ಅದರ ಹಿಂದೆ ಪಿತ್ತಕೋಶದ ಕ್ಯಾನ್ಸರ್ ಇತ್ತು. ಸ್ವಲ್ಪ ಮೊದಲೇ ಕರೆತಂದಿದ್ದರೆ ಎಂದ ಡಾಕ್ಟರು ಮಾತು ಮುಗಿಸಲಿಲ್ಲ. ಚಳಿಗಾಲ ಕಳೆಯುವುದರೊಳಗೆ ಮಹಾದೇವಿ ತೀರಿಕೊಂಡರು.

ಆಮೇಲೆ ಗುರಲಿಂಗಪ್ಪ ಯಾರಿಂದಲೂ ಹೇಳಿಸಿಕೊಳ್ಳದೆ ಹೋಗಿ ಪೊರೆ ತೆಗೆಸಿದರು. ಪಟ್ಟಿ ಬಿಚ್ಚಿದ ಮೇಲೆ ಮನೆಯ ಗೋಡೆ ಬೆಳ್ಳಗಿತ್ತು. ತಮ್ಮದೇ ಚಿತ್ರಗಳನ್ನು ಕಂಡು ಅವರಿಗೆ ನಾಚಿಕೆಯಾಯಿತು. ಹೆಂಡತಿಯ ಚಿತ್ರದ ಮುಂದೆ ಮಾತ್ರ ದುಃಖ ಉಕ್ಕಿ ಬಂತು. ಆಕೆಯದೆಂದು ಉಳಿದ ಕೊನೆಯ ಚಿತ್ರ ಅದೊಂದೇ, ಅದನ್ನೂ ಕೆಡಿಸಿಬಿಟ್ಟೆನಲ್ಲ! ಗ್ಯಾಲರಿಯವರು ಒಯ್ಯುವ ಮೊದಲು ಮುಖವನ್ನಾದರೂ ಸರಿಮಾಡಬೇಕೆಂದು ಬಿಳಿ, ಕೆಂಪು ಕಲಸಿ ಕೂತರು.

ಸ್ನೇಹಲ್ ಬಂದು ಕೈ ಹಿಡಿದಳು. "ಪಪ್ಪಾ, ಸೀರಿ ಬೇಕಾದ್ರ ನೀಲಿ ಮಾಡು. ಮುಖ ಮುಟ್ಟಬ್ಯಾಡ."

"ಹುಚ್ಚಿ, ಇದು ನನ್ನ ಕಣ್ಣಿನ ರೋಗ. ಚಿತ್ರಕ್ಕ ಕುಂತಾಗ ನಿಮ್ಮವ್ವ ಹಿಂಗಿದ್ಲೇನು?"

ಸ್ನೇಹಲ್ ಹಬ್ಬದ ದಿನ ಫೋನಿನಲ್ಲಿ ತೆಗೆದಿದ್ದ ಅವ್ವನ ಫೋಟೋ ಎದುರಿಗೆ ಹಿಡಿದಳು. ಅವರು ಒಮ್ಮೆ ಫೋಟೋ, ಒಮ್ಮೆ ಚಿತ್ರ ನೋಡಿದರು. ಕೆನ್ನೆಯ ಬಣ್ಣ, ಕಣ್ಣಿನ ಬಿಳಿಭಾಗದ ಬಣ್ಣ ಎರಡರಲ್ಲೂ ಒಂದೇ ಆಗಿತ್ತು.

ಉಳಿದ ಚಿತ್ರಗಳಿಗಿಂತ ಇದಕ್ಕೆ ಹಳದಿ ಹೆಚ್ಚು ಹಿಡಿದದ್ದು ಆಗ ಅವರ ನೆನಪಿಗೆ ಬಂತು. ಎಷ್ಟು ಹಾಕಿದರೂ ಸಾಲದೆ, ಆಕೆಯ ಮುಖವನ್ನು ಮತ್ತೆ ಮತ್ತೆ ನೋಡಿ ಹಾಕಿದ್ದರು. ಗುರಲಿಂಗಪ್ಪ ಕುಂಚ ಕೆಳಗಿಟ್ಟರು.

"ಎದುರಿಗೆ ಕುಂತು ನೋಡಿ ನೋಡೇ ಬರದೀನಿ," ಎಂದರು. "ಏನಾಗೇದ ನಿನಗ ಅಂತ ಒಂದ ಮಾತು ಕೇಳಲಿಲ್ಲ."